ವೈನಿಯ ಕಬ್ಬಿಣ

ಬೆಳಿಗ್ಗೆ ಏಳರ ಹೊತ್ತಿಗೆ ನಮ್ಮ ಕಂಪೌಂಡ್ ಗೋಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಬಂದು ಕೂಡುತ್ತದೆ. ಅದರೊಳಗೆ ಒಂದು ದಿನ ಶೇಂಗಾ ಚಟ್ನಿ, ಒಂದು ದಿನ ಎರಡು ಧಪಾಟಿ, ಏನೂ ಇಲ್ಲದ ದಿನ ಹಿತ್ತಲಿನ ನಾಲ್ಕು ಕರಿಬೇವಿನ ಎಸಳು. ಇವುಗಳ ಜೊತೆ ದಿನವೂ ತಪ್ಪದೆ ಬರುವುದು ಒಂದು ಪೆನ್ ಡ್ರೈವ್. ಎಣ್ಣೆ ಹತ್ತಬಾರದೆಂದು ಅದಕ್ಕೆ ತೊಳೆದು ಒಣಗಿಸಿದ ಹಾಲಿನ ಪಾಕೀಟಿನ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿರುತ್ತದೆ. ಅದರೊಳಗೆ ಇರುವುದು ಒಂದು ಯುದ್ಧ.

ಯುದ್ಧ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ನಾಲ್ಕು ತಿಂಗಳಾದವು, ಇನ್ನೂ ಯಾರ ಮೂಗಿಗೂ ಪೆಟ್ಟಾಗಿಲ್ಲ. ಒಬ್ಬ ಮಾತ್ರ ಸತ್ತ, ಅವನ ಕಥೆ ಮುಂದೆ ಬರುತ್ತದೆ.

ಗೋಡೆಯಾಚೆಗಿನವರು ಅಕ್ಕಲಕೋಟದವರು. ಮರಾಠಿ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಾನು ಗದಗಿನವನು, ಬ್ಯಾಂಕಿನ ವರ್ಗಾವಣೆಯ ಮೇಲೆ ನಾಗಪುರಕ್ಕೆ ಬಂದು ಇಲ್ಲೇ ಬೇರುಬಿಟ್ಟವನು. ಮೊದಲ ವರ್ಷ ಪೂರ್ತಿ ನಾವಿಬ್ಬರೂ ಒಬ್ಬರಿಗೊಬ್ಬರು ಹರಕು ಹಿಂದಿಯಲ್ಲಿ ಮಾತಾಡಿಕೊಂಡಿದ್ದೆವು. ಒಂದು ದಿನ ಅವರು ಹಾಲು ಉಕ್ಕಿದ್ದಕ್ಕೆ ಕನ್ನಡದಲ್ಲಿ ಬೈದರು, ಅಲ್ಲಿಂದ ನಮ್ಮ ಸಂಬಂಧ ಶುರುವಾಯಿತು. ನನ್ನದು ‘ಹೋಗಾಕ’, ಅವರದು ‘ಹೋಗ್ಲಾಕ’, ಆ ಒಂದು ‘ಲ’ ಬಿಟ್ಟರೆ ನಡುವೆ ಅಂಥ ಅಂತರವೇನಿಲ್ಲ. ನನಗೆ ಅವರು ವೈನಿ, ಅವರಿಗೆ ನಾನು ಭಾವುಜಿ.

ಈ ಆಟ ಬಂದದ್ದು ಬೆಂಗಳೂರಿನಲ್ಲಿರುವ ಅವರ ಮೊಮ್ಮಗನಿಂದ. ಸಂಕ್ರಾಂತಿಗೆ ಬಂದವನು ತನ್ನ ಹಳೆಯ ಲ್ಯಾಪ್‌ಟಾಪನ್ನು ಅಜ್ಜಿಗೆ ಬಿಟ್ಟುಹೋದ, ಒಳಗೆ ‘ಸಿವಿಲೈಸೇಶನ್’ ಇತ್ತು. ಸಿಡ್ ಮೆಯರ್ ಎಂಬ ಪುಣ್ಯಾತ್ಮ 1991ರಲ್ಲಿ ಹುಟ್ಟಿಸಿದ ಆಟದ ನಾಲ್ಕನೆಯ ಅವತಾರ ಅದು, 2005ರದ್ದು. ಕ್ರಿ.ಪೂ. 4000ದಲ್ಲಿ ಒಂದು ಕುಟುಂಬ, ಒಬ್ಬ ಕಾವಲುಗಾರ, ಸುತ್ತ ಕತ್ತಲೆ. ಊರು ಕಟ್ಟಬೇಕು, ಹೊಲ ಮಾಡಬೇಕು, ಅಕ್ಷರ ಕಂಡುಹಿಡಿಯಬೇಕು, ಅನುಕೂಲವಾದರೆ ಪಕ್ಕದವನ ಮನೆ ಲೂಟಿ ಮಾಡಬೇಕು. ಕ್ರಿ.ಶ. 2050ಕ್ಕೆ ಆಟಕ್ಕೆ ಮಂಗಳ. ಚದುರಂಗದ ಹಾಗೆ ನಿಮ್ಮದೊಂದು ಪಾಳಿ, ಎದುರಿನವರದೊಂದು ಪಾಳಿ. ಆಡುವವರೆಲ್ಲ ಇದರ ಬಗ್ಗೆ ಹೇಳುವ ದೂರು ಒಂದೇ. ಇನ್ನೊಂದೇ ಪಾಳಿ, ಇನ್ನೊಂದೇ ಪಾಳಿ ಅನ್ನುತ್ತ ಕೂತರೆ ಕೋಳಿ ಕೂಗಿರುತ್ತದೆ.

ವೈನಿ ಇದಕ್ಕೆ ಮೊದಲ ದಿನವೇ ಔಷಧ ಹುಡುಕಿದರು. ‘ದಿನಕ್ಕ ಒಂದ ಪಾಳಿ ಭಾವುಜಿ. ಮುಂಜಾನೆ ನಂದು, ಸಂಜೀಕ ನಿಮ್ದು. ಗ್ವಾಡಿ ಮ್ಯಾಲಿಂದ ಕೊಡೂದು, ತಗೊಳ್ಳೂದು.’ ಈ ಆಟದಲ್ಲಿ ಪಾಳಿಯನ್ನು ಈಮೇಲಿನಲ್ಲಿ ಕಳಿಸುತ್ತ ಆಡುವ ಅನುಕೂಲವಿದೆ. ಹತ್ತು ಹೆಜ್ಜೆಯ ದೂರಕ್ಕೆ ಈಮೇಲ್ ಯಾಕೆ, ಪೆನ್ ಡ್ರೈವ್ ಸಾಕು ಎಂದರು. ಹೀಗೆ ಆಡಿದರೆ ಆಟ ಮುಗಿಯಲು ವರ್ಷದ ಮೇಲೆ ಹಿಡಿಯುತ್ತದೆ ಎಂದೆ. ‘ನಿಮಗೇನ್ ಗಡಿಬಿಡಿ ಅದ?’ ಎಂದರು. ನಿವೃತ್ತನಾದವನಿಗೆ ಕೇಳಬಾರದ ಪ್ರಶ್ನೆ ಅದು.

ಹಾಗೆ ನೋಡಿದರೆ ನನಗಿದು ಹೊಸದಲ್ಲ. ಹುಡುಗನಿದ್ದಾಗ ಹುಬ್ಬಳ್ಳಿಯ ಸೋದರಮಾವನ ಜೊತೆ ಪೋಸ್ಟ್ ಕಾರ್ಡಿನ ಮೇಲೆ ಚದುರಂಗ ಆಡಿದ್ದೆ. ಒಂದು ಕಾರ್ಡಿಗೆ ಒಂದು ನಡೆ. ಮೇಲೆ ‘ಕ್ಷೇಮ’, ಕೆಳಗೆ ‘ನಿನ್ನ ಆನೆ ಹೋಯಿತು’. ಅಂಚೆಯವನು ಕಾರ್ಡು ಓದಿ, ಕುದುರೆ ಅಲ್ಲಿಡಬೇಡ ಎಂದು ನನಗೆ ಬಾಗಿಲಲ್ಲೇ ಸಲಹೆ ಕೊಟ್ಟದ್ದೂ ಉಂಟು. ಎರಡು ನಡೆಗಳ ನಡುವೆ ನಾಲ್ಕು ದಿನ ಸಿಕ್ಕಾಗ ಮನುಷ್ಯ ಬೇರೆಯೇ ರೀತಿ ಆಡುತ್ತಾನೆ. ಎದುರಿನವನ ಆನೆಗಿಂತ ಅವನ ಕೆಮ್ಮು ಕಡಿಮೆಯಾಯಿತೋ ಇಲ್ಲವೋ ಎಂಬ ಕಡೆ ಲಕ್ಷ್ಯ ಹೋಗುತ್ತದೆ.

ಶುರುವಿನಲ್ಲಿ ಒಂದು ಪಾಳಿಗೆ ಆಟದೊಳಗೆ 40 ವರ್ಷ ಸರಿಯುತ್ತವೆ. ಅಂದರೆ ನಮ್ಮ ಲೆಕ್ಕದಲ್ಲಿ ತಿಂಗಳಿಗೆ 1,200 ವರ್ಷ. ಕೆಲಸದವಳು ಎರಡು ದಿನ ಬರಲಿಲ್ಲವೆಂದು ವೈನಿ ಪಾಳಿ ತಪ್ಪಿಸಿದರೆ ಮನುಕುಲ ಅಲ್ಲೇ ಗರ ಬಡಿದಂತೆ ನಿಲ್ಲುತ್ತದೆ.

ನಾನು ರೋಮ್ ಹಿಡಿದೆ, ಜೂಲಿಯಸ್ ಸೀಸರ್. ಮೊಮ್ಮಗನೇ ಗುಟ್ಟು ಹೇಳಿದ್ದ. ರೋಮಿಗೆ ಪ್ರಿಟೋರಿಯನ್ ಎಂಬ ಸೈನಿಕರು ಸಿಗುತ್ತಾರೆ, ಬಲ 8, ಆ ಕಾಲಕ್ಕೆ ಅವರ ಮುಂದೆ ನಿಲ್ಲುವವರಿಲ್ಲ. ವೈನಿ ಭಾರತ ಹಿಡಿದರು. ಅಲ್ಲಿ ಅಶೋಕ, ಗಾಂಧಿ ಇಬ್ಬರಿದ್ದಾರೆ, ಗಾಂಧಿಯನ್ನು ಆರಿಸಿದರು. ‘ಅಶೋಕಂದು ಮೊದಲಿಗಿ ಕಳಿಂಗ ಆಗಬೇಕು, ಆಮ್ಯಾಲ ಬುದ್ಧಿ ಬರಬೇಕು. ಅಷ್ಟ ತ್ರಾಸ ಯಾಕ?’

ಈಗ ಸತ್ತವನ ಕಥೆ. ಎರಡನೆಯ ವಾರ ನನ್ನ ಏಕೈಕ ಕಾವಲುಗಾರ ಕಾಡಿನಂಚಿನಲ್ಲಿ ಒಂದು ಸಿಂಹವನ್ನು ಕಂಡ. ಅವನ ಬಲ 2, ಸಿಂಹದ ಬಲವೂ 2. ಸುಮ್ಮನೆ ಪಕ್ಕಕ್ಕೆ ಸರಿಯಬಹುದಿತ್ತು. ಆದರೆ ಬ್ಯಾಂಕಿನಲ್ಲಿ ಜೀವಮಾನವೆಲ್ಲ ಜಾಮೀನು ಕೇಳಿ ಕೇಳಿ ಬೇಸತ್ತವನಿಗೆ ಒಂದು ಸಲ ಧೈರ್ಯ ಮಾಡೋಣ ಅನ್ನಿಸಿತು, ಮೇಲೆ ಬಿದ್ದೆ. ಸಿಂಹ ಅವನನ್ನು ತಿಂದಿತು. ನಾನು ಸುತ್ತ ನೋಡಿದೆ, ಮನೆಯವಳು ಮಲಗಿದ್ದಳು. ಫೈಲನ್ನು ಮತ್ತೆ ಮೊದಲಿನಿಂದ ತೆರೆದೆ. ಮತ್ತೆ ಬಿದ್ದೆ, ಮತ್ತೆ ತಿಂದಿತು. ಏಳು ಸಲ ತೆರೆದೆ, ಏಳೂ ಸಲ ಅದೇ ಸಿಂಹ, ಅದೇ ಏಟು, ಅದೇ ಸಾವು. ಆಮೇಲೆ ತಿಳಿಯಿತು, ಈ ಆಟ ದಾಳ ಬೀಳುವ ರೀತಿಯನ್ನೂ ಫೈಲಿನೊಳಗೇ ಬರೆದಿಟ್ಟಿರುತ್ತದೆ. ಹಿಂದಕ್ಕೆ ಹೋಗಿ ಅದನ್ನೇ ಮಾಡಿದರೆ ಅದೇ ಆಗುತ್ತದೆ. ಅದು ಬೇಡವೆಂದರೆ ಆಟ ಹೂಡುವಾಗಲೇ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು, ನಾವು ಹಾಕಿರಲಿಲ್ಲ. ನಮ್ಮಜ್ಜಿ ಇದಕ್ಕೆ ಹಣೆಬರಹ ಅನ್ನುತ್ತಿದ್ದಳು, ಅವಳಿಗೆ ಚೌಕದ ವಿಷಯ ಗೊತ್ತಿರಲಿಲ್ಲ. ಎಂಟನೆಯ ಸಲ ಅವನನ್ನು ಬೇರೆ ದಾರಿಗೆ ಹಚ್ಚಿ ಬದುಕಿಸಿಕೊಂಡೆ.

ಮರುದಿನ ಗೋಡೆಯಾಚೆಯಿಂದ ಗಣಿತದ ಮೇಷ್ಟರ ದನಿ. ‘ಭಾವುಜಿ, ಫೈಲ್ ಮ್ಯಾಲ ಟೈಮು ಹನ್ನೆರಡು ನಲ್ವತ್ತು ತೋರ್ಸಲಾಕತ್ತದ. ಒಂದ ಪಾಳಿ ಆಡ್ಲಾಕ ಮಧ್ಯರಾತ್ರಿ ಆಯ್ತೇನ್ರಿ?’

ನಾನು ಲೈಟು ಹೋಗಿತ್ತು ಎಂದೆ. ‘ನಮ್ಮ ಕಡೀಗಿ ಇತ್ತಲ್ಲ’ ಎಂದರು. ಒಪ್ಪಿಕೊಂಡೆ. ಅಂದಿನಿಂದ ಹಿಂದಕ್ಕೆ ಹೋಗುವ ಹಾಗಿಲ್ಲ ಎಂದು ನಮ್ಮಲ್ಲಿ ಕಾನೂನಾಯಿತು. ಸಿಂಹಕ್ಕೆ ಸಲ್ಲಬೇಕಾದವನನ್ನು ಸಿಂಹಕ್ಕೇ ಸಲ್ಲಿಸಬೇಕೆಂದು ತೀರ್ಪಾಯಿತು. ಅವನು ಬದುಕಿದ್ದ ಆ ಪಾಳಿಯನ್ನು ಅಳಿಸಿ, ವೈನಿಯ ಕಣ್ಣೆದುರಿಗೇ, ಗೋಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂಬತ್ತನೆಯ ಸಲ ಅವನನ್ನು ಸಾಯಿಸಿದೆ. ಕೆಲವು ಆಟಗಳಲ್ಲಿ ಇದಕ್ಕೆ ‘ಐರನ್‌ಮ್ಯಾನ್’ ಎಂಬ ದೊಡ್ಡ ಹೆಸರಿಟ್ಟು, ಒಂದೇ ಫೈಲು, ತಿದ್ದುಪಡಿ ಇಲ್ಲ ಎಂದು ಯಂತ್ರದಿಂದಲೇ ಬಿಗಿ ಮಾಡಿಸುತ್ತಾರಂತೆ. ನಮಗೆ ವೈನಿ ಸಾಕು.

ಇಷ್ಟು ಓದಿ ಇವರಿಬ್ಬರೂ ಕಟ್ಟುನಿಟ್ಟಿನ ಆಟಗಾರರು ಅಂದುಕೊಳ್ಳಬೇಡಿ. ಈ ಆಟದಲ್ಲಿ ನಿಮ್ಮ ಯಾವ ಸೈನಿಕನಿಗಾದರೂ ಬೇಕಾದ ಹೆಸರು ಕೊಡಬಹುದು. ಕನ್ನಡ ಲಿಪಿಯಲ್ಲಿ ಅಲ್ಲ, ಇಂಗ್ಲಿಷ್ ಅಕ್ಷರದಲ್ಲಿ. ವೈನಿ ತಮ್ಮ ಮೊದಲ ಕಾವಲುಗಾರನಿಗೆ ‘ಮಾವ’ ಎಂದು ಹೆಸರಿಟ್ಟರು. ಎರಡನೆಯವನು ‘ದೊಡ್ಡಪ್ಪ’. ಬಿಲ್ಲುಗಾರ ‘ಅಳಿಯ’. ಹೊಲ ಉಳುವ ಕೆಲಸಗಾರರ ಜೋಡಿಗೆ ‘ಅತ್ತಿ’ ಮತ್ತು ‘ಸ್ವಾದರತ್ತಿ’. ಊರುಗಳೂ ಹಾಗೇ. ಆಟ ತಾನಾಗಿ ದಿಲ್ಲಿ, ಮುಂಬಯಿ ಎಂದು ಕೊಡುತ್ತ ಹೋಗುತ್ತದೆ, ಇವರು ಅಳಿಸಿ ಅಕ್ಕಲಕೋಟ, ಮೈಂದರ್ಗಿ, ಜತ್ ಎಂದು ತುಂಬಿದರು.

ಪರಿಣಾಮ ಏನು ಗೊತ್ತೆ? ಗಡಿಯ ಮೇಲೆ ನನ್ನ ಜನ, ಅವರ ಜನ ಎದುರುಬದುರಾದರು. ಲೆಕ್ಕದ ಪ್ರಕಾರ ಇದು ಗುರಾಯಿಸುವ ಹೊತ್ತು. ವೈನಿಯಿಂದ ಬಂದ ಸಂದೇಶ ಹೀಗಿತ್ತು. ‘ನಮ್ಮ ಮಾವನ್ನ ಗುಡ್ಡದ ಮ್ಯಾಲ ಕುಂದರ್ಸೀನಿ. ಆ ಕಡೆ ನಿಮ್ಮ ಮಂದಿ ಬರಬ್ಯಾಡ್ರಿ, ಅವ್ರಿಗಿ ಮಂಡಿನೋವದ.’

‘ವೈನಿ, ಅಂವ ವಾರಿಯರ್ ಅದಾನ್ರೀ.’

‘ಹೆಸರ ಇಟ್ಟ ಮ್ಯಾಲ ಮಾವನ ಅಲ್ಲೇನ್ರಿ?’

ಆ ಗುಡ್ಡದ ಮೇಲೆ ಏರಿಹೋಗಲು ನನ್ನಿಂದಲೂ ಆಗಲಿಲ್ಲ. ಎಕ್ಸ್‌ಕಾಮ್ ಎಂಬ ಇನ್ನೊಂದು ಪಾಳಿಯ ಆಟದಲ್ಲಿ ಸತ್ತ ಸಿಪಾಯಿ ಸತ್ತಂತೆಯೇ, ತಿರುಗಿ ಬರುವುದಿಲ್ಲ. ಅಲ್ಲಿ ಗೆಳೆಯರ ಹೆಸರು ಸಿಪಾಯಿಗಳಿಗೆ ಇಟ್ಟು, ಆಮೇಲೆ ಅವರನ್ನು ಮುಂದಕ್ಕೆ ಕಳಿಸಲು ಕೈ ಬಾರದೆ ಒದ್ದಾಡುವವರು ಬೇಕಾದಷ್ಟಿದ್ದಾರೆ ಎಂದು ಮೊಮ್ಮಗ ಹೇಳಿದ. ವೈನಿ ಅದನ್ನು ಯಾರಿಂದಲೂ ಕಲಿತವರಲ್ಲ. ಅವರ ತವರಿನಲ್ಲಿ ಎಮ್ಮೆಗೂ ಹೆಸರಿತ್ತು.

ಮೊಮ್ಮಗನ ಆಟದ ರೀತಿಯೇ ಬೇರೆ. ಅತ್ಯಂತ ಕಷ್ಟದ ಮಟ್ಟಕ್ಕೆ ‘ಡೀಟಿ’ ಎಂದು ಹೆಸರು, ದೇವರು ಅಂತ ಅರ್ಥ. ಅದರಲ್ಲಿ ಕೂತು ಒಂದೇ ಒಂದು ಊರು ಕಟ್ಟಿ ಕೊನೆಯವರೆಗೆ ಬದುಕುವ ಹಟ ಅವನದು. ಅದಕ್ಕೊಂದು ಆಯ್ಕೆಯೇ ಇದೆ, ‘ಒನ್ ಸಿಟಿ ಚಾಲೆಂಜ್’. ‘ಸದಾ ಯುದ್ಧ’ ಅಂತ ಒಂದಿದೆ, ‘ಸದಾ ಶಾಂತಿ’ ಅಂತಲೂ ಒಂದಿದೆ. ಮೂರು ಊರುಗಳಲ್ಲಿ ಸಂಸ್ಕೃತಿಯನ್ನು 50,000 ಅಂಕಕ್ಕೆ ಏರಿಸಿದರೆ ಒಂದೂ ಬಾಣ ಬಿಡದೆ ಗೆಲ್ಲಬಹುದು. ಅವನು ಫೋನಿನಲ್ಲಿ ಇದನ್ನೆಲ್ಲ ವಿವರಿಸಿ ಕಡೆಗೆ ಕೇಳಿದ, ‘ಅಜ್ಜಿ, ನೀನು ಯಾವ ಗೆಲುವಿಗೆ ಆಡ್ತಿದ್ದೀ?’ ಅಜ್ಜಿ ‘ನಾ ರಸ್ತಾ ಮಾಡ್ಲಾಕತ್ತೀನಿ’ ಎಂದರು. ನಿಜ. ಅವರ ನಕಾಶೆಯಲ್ಲಿ ರಸ್ತೆಯಿಲ್ಲದ ಚೌಕವಿಲ್ಲ. ಗುಡ್ಡಕ್ಕೂ ಇದೆ, ಬರೀ ಮರಳಿಗೂ ಇದೆ. ಯಾಕೆ ಎಂದರೆ, ಅಕ್ಕಲಕೋಟದಿಂದ ಅವರ ತವರಿಗೆ ಮಳೆಗಾಲದಲ್ಲಿ ಬಂಡಿ ಹೋಗುತ್ತಿರಲಿಲ್ಲವಂತೆ.

ಇನ್ನು ಅವರ ವಹಿ. ಎಡಗಡೆ ಪುಟದಲ್ಲಿ ಮನೆಯ ಲೆಕ್ಕ, ಬಲಗಡೆ ಆಟದ ಲೆಕ್ಕ. ಎಡಕ್ಕೆ ‘ಹಾಲು 2 ಲೀ., ಗ್ಯಾಸ್ ಬಂತು, ಸಂತ್ರಿ ಒಂದು ಡಜನ್ ಹುಳಿ’. ಬಲಕ್ಕೆ, ಅದೇ ತಾರೀಖಿಗೆ, ‘ಕ್ರಿ.ಪೂ. 1400. ಜತ್ತಿನಲ್ಲಿ ಕಣಜ ಆಯಿತು. ದೊಡ್ಡಪ್ಪ ಮಲಗಿದ್ದಾರೆ. ಭಾವುಜಿ ಕಡೆಯಿಂದ ಏನೂ ಸುದ್ದಿಯಿಲ್ಲ.’ ಇದು ಬಖರ್, ಮರಾಠಿಯವರ ಇತಿಹಾಸದ ವಹಿ, ಆಗಲಿಲ್ಲವೆ ಎಂದೆ. ನಾಗಪುರಕರ್ ಭೋಸಲೆಯವರ ಮೇಲೆ ಬಖರ್ ಬರೆಸಿದ ಊರಿದು. ‘ಭೋಸಲೆ ಬಖರಿನ್ಯಾಗ ಗ್ಯಾಸ್ ಸಿಲಿಂಡರ್ ಬರ್ತದೇನ್ರಿ?’ ಎಂದು ವಹಿ ಮುಚ್ಚಿದರು.

ಇದೆಲ್ಲ ಆಟವೇ ಅಲ್ಲ, ಕಾಲಹರಣ ಎಂದು ನಮ್ಮ ಓಣಿಯಲ್ಲಿ ಒಬ್ಬರ ವಾದ. ಅವರ ಮಗಳು ಚೆಸ್ ಕ್ಲಾಸಿಗೆ ಹೋಗುತ್ತಾಳೆ. 2025ರ ಜುಲೈಯಲ್ಲಿ ಈ ಊರಿನ ದಿವ್ಯಾ ದೇಶಮುಖ್ ಹತ್ತೊಂಬತ್ತರ ವಯಸ್ಸಿಗೆ ಜಾರ್ಜಿಯಾದ ಬತೂಮಿಯಲ್ಲಿ ಕೊನೇರು ಹಂಪಿಯನ್ನು ಸೋಲಿಸಿ ಮಹಿಳೆಯರ ವಿಶ್ವಕಪ್ ಗೆದ್ದು, ಅದೇ ಏಟಿಗೆ ಗ್ರ್ಯಾಂಡ್‌ಮಾಸ್ಟರ್ ಆದಮೇಲೆ ನಾಗಪುರದಲ್ಲಿ ಕಾಯಿ ನಡೆಸುವುದೆಂದರೆ ಹುಡುಗಾಟವಲ್ಲ. ತರ್ರಿ ಪೋಹೆಯ ಗಾಡಿಯ ಮುಂದೆಯೂ ಮೊಬೈಲಿನಲ್ಲಿ ಗಡಿಯಾರ ಇಟ್ಟು ಆಡುವವರಿದ್ದಾರೆ. ಹಾಗಾಗಿ ಆ ಗೃಹಸ್ಥರ ಮಾತಿಗೆ ನಾನು ಎದುರಾಡಲಿಲ್ಲ. ಆದರೆ ಮನಸ್ಸಿನಲ್ಲಿ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದರು.

1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಕೂತವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಪಟ್ಟ ಇದೆ, ರಾಜ್ಯವಿಲ್ಲ. ಅಂಥ ದೊರೆ ಆಟಗಳಿಗೆ ತಿರುಗಿದರು. ಹೊಸ ಇಸ್ಪೀಟು ಕಟ್ಟಿದರು, ಹೊಸ ಹಾಸು ಬರೆಸಿದರು. ಅದರಲ್ಲಿ ನನಗೆ ಬಲು ಇಷ್ಟದ್ದು ಕುದುರೆಯ ಓಡಾಟ. ಚದುರಂಗದ ಹಾಸಿನ ಮೇಲೆ ಒಂದೇ ಒಂದು ಕುದುರೆ. ರಾಜನಿಲ್ಲ, ಮಂತ್ರಿಯಿಲ್ಲ, ಹೊಡೆಯಲಿಕ್ಕೆ ಯಾರೂ ಇಲ್ಲ. ಅದು ತನ್ನ ಸೊಟ್ಟ ನೆಗೆತದಲ್ಲೇ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಬೇಕು. ಮೆಟ್ಟಿದ ಮನೆಗೆ ಒಂದು, ಎರಡು, ಮೂರು ಎಂದು ಅಂಕಿ ಬರೆಯುತ್ತ ಹೋದರೆ, ಮುಗಿದಾಗ ಯಾವ ಅಡ್ಡಸಾಲು ಕೂಡಿಸಿದರೂ 260, ಯಾವ ಉದ್ದಸಾಲು ಕೂಡಿಸಿದರೂ 260. ಅಂಥ ನಡಿಗೆಯನ್ನು ಆ ದೊರೆ ಹೆಣೆದರು. ಕೂತು ಲೆಕ್ಕ ಹಾಕಿ ನೋಡಿ, ಎರಡು ಸಾಲಿಗೆ ತಲೆ ಕಾಯುತ್ತದೆ. ಗೆಲ್ಲಬೇಕಾದ ಶತ್ರುವೇ ಇಲ್ಲದ ಚದುರಂಗವನ್ನು ರಾಜ್ಯ ಕಳೆದುಕೊಂಡ ರಾಜನೊಬ್ಬ ಆಡಿದ ಎಂಬುದು ನನಗೆ ಒಂದೊಂದು ರಾತ್ರಿ ಬಹಳ ಹೊತ್ತು ತಲೆಯಲ್ಲಿ ಸುಳಿಯುತ್ತದೆ. ವೈನಿಗೆ ಹೇಳಿದೆ. ಅವರು ದುಃಖಕ್ಕೆ ಹೋಗಲಿಲ್ಲ. ‘ಒಂದರಿಂದ ಅರವತ್ತನಾಲ್ಕು ಕೂಡಿಸಿದ್ರ ಎರಡು ಸಾವಿರದ ಎಂಬತ್ತು, ಎಂಟರಿಂದ ಭಾಗಸಿದ್ರ ಎರಡನೂರಾ ಅರವತ್ತು. ಬರೋಬರಿ ಅದ’ ಎಂದರು.

ಮಾರ್ಚಿನಲ್ಲಿ ಕಬ್ಬಿಣದ ಪ್ರಕರಣ ಆಯಿತು. ನನ್ನ ಪ್ರಿಟೋರಿಯನ್ನರು ಬರಬೇಕಾದರೆ ಕಬ್ಬಿಣ ಬೇಕು. ಅದು ನೆಲದಲ್ಲಿ ಎಲ್ಲಿದೆ ಎಂಬುದು ವಿದ್ಯೆ ಕಲಿತ ಮೇಲಷ್ಟೇ ಕಾಣುತ್ತದೆ. ಕಲಿತೆ. ನನ್ನ ರೋಮಿನಲ್ಲಿ, ನಾನು ‘ಗದಗ’ ಎಂದು ಹೆಸರಿಟ್ಟ ಊರಿನಲ್ಲಿ, ಲಕ್ಕುಂಡಿಯಲ್ಲಿ, ಎಲ್ಲೂ ಒಂದು ಚೂರಿಲ್ಲ. ಇದ್ದ ಒಂದೇ ಕಬ್ಬಿಣ ಮೈಂದರ್ಗಿಯ ಮಗ್ಗುಲಿಗೆ, ವೈನಿಯ ಗಡಿಯೊಳಗೆ, ಅದರ ಮೇಲೆ ರಸ್ತೆ ಬೇರೆ.

ಮೊಮ್ಮಗನಿಗೆ ಗುಟ್ಟಾಗಿ ಫೋನ್ ಮಾಡಿದೆ. ‘ಅಂಕಲ್, ಸಿಂಪಲ್. ಇರೋ ಸೈನ್ಯ ಎಲ್ಲ ಸೇರಿಸಿ ಆ ಊರು ಹೊಡೀರಿ’ ಎಂದ. ಅಜ್ಜಿಯ ಊರು ಎಂಬುದನ್ನೂ ಮರೆತು ಹೇಳಿದ, ಅವನೇ ನಿಜವಾದ ಆಟಗಾರ. ನಾನು ಎರಡು ದಿನ ಸೈನ್ಯ ಕೂಡಿಸಿದೆ. ಮೂರನೆಯ ಬೆಳಿಗ್ಗೆ ಡಬ್ಬಿ ಬಂತು, ಒಳಗೆ ಪುಂಡಿಪಲ್ಯ. ಫೈಲು ತೆರೆದರೆ ಪರದೆಯ ಮೇಲೆ ಗಾಂಧಿ ಮುಗುಳ್ನಗುತ್ತ ನಿಂತಿದ್ದಾರೆ. ಕಬ್ಬಿಣ ಕೊಡುತ್ತೇವೆ, ಬದಲಿಗೆ ನಿಮ್ಮಲ್ಲಿ ಹೆಚ್ಚಾದ ಅಕ್ಕಿ ಕೊಡಿ ಎಂದು ಕರಾರು.

ಗೋಡೆಗೆ ಓಡಿದೆ. ‘ವೈನಿ, ನಿಮಗ ಇರೋದ ಒಂದ ಕಬ್ಬಿಣ. ಅದನ್ನ ನನಗ ಕೊಟ್ರ ನಿಮಗ ಕತ್ತಿ ಸೈತ ಮಾಡಾಕ ಬರಂಗಿಲ್ರೀ.’

‘ನನಗ್ಯಾಕ ಬೇಕ್ರಿ ಕತ್ತಿ? ಅತ್ತಿ ಕೈಗಿ ಕೊಡ್ಲೇನು?’

‘ನಾ ಪ್ರಿಟೋರಿಯನ್ ಮಾಡ್ತೀನ್ರೀ. ಅವ್ರ ಬಲ ಎಂಟು. ನಿಮ್ಮ ಮಾವಂದು ಎರಡು.’

‘ಮಾಡ್ರಿ. ನಾ ಬ್ಯಾಡ ಅಂದೀನೇನು? ಅಕ್ಕಿ ಮಾತ್ರ ತಪ್ಪಸಬ್ಯಾಡ್ರಿ, ಇಲ್ಲೆಲ್ಲಾ ಜ್ವಾಳ ತಿಂದ ತಿಂದ ಸಾಕಾಗೇದ.’

ಮಾಡಿದೆ. ಏಳು ಪ್ರಿಟೋರಿಯನ್ನರು, ಗುರಾಣಿ ಹಿಡಿದು ಗಡಿಯ ಮೇಲೆ ಸಾಲಾಗಿ ನಿಂತರು. ಇಂದಿಗೂ ನಿಂತಿದ್ದಾರೆ. ಅವರ ಕೈಯಲ್ಲಿರುವ ಒಂದೊಂದು ಕತ್ತಿಯೂ ವೈನಿಯ ಕಬ್ಬಿಣದ್ದು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಆಟದ ನಿಯಮದಲ್ಲಿ ಎಲ್ಲೂ ಬರೆದಿಲ್ಲ, ಆದರೆ ಪುಂಡಿಪಲ್ಯ ಉಂಡವನಿಗೆ ಬರೆದುಕೊಡಬೇಕೆ?

ಮೊಮ್ಮಗನಿಗೆ ಇದನ್ನು ಹೇಳಿದಾಗ ‘ಹುಷಾರು ಅಂಕಲ್, ನ್ಯೂಕ್ಲಿಯರ್ ಗಾಂಧಿ’ ಎಂದು ನಕ್ಕ. ಈ ಆಟದ ಲೋಕದಲ್ಲಿ ಅದೊಂದು ಪ್ರಸಿದ್ಧ ದಂತಕಥೆ. ಮೊದಲ ಆಟದಲ್ಲಿ ಗಾಂಧಿಯ ಜಗಳಗಂಟಿತನ 1 ಇತ್ತಂತೆ, ಪ್ರಜಾಪ್ರಭುತ್ವ ಬಂದಾಗ ಅದರಲ್ಲಿ 2 ಕಳೆದರಂತೆ, ಸೊನ್ನೆಗಿಂತ ಕೆಳಗೆ ಹೋಗಲಾರದೆ ಅಂಕಿ ಗಿರ್ರನೆ ತಿರುಗಿ 255 ಆಗಿ, ಗಾಂಧಿ ಎಲ್ಲರ ಮೇಲೆ ಅಣುಬಾಂಬು ಹಾಕಿದರಂತೆ. ಅಂಥ ದೋಷ ಇರಲೇ ಇಲ್ಲ ಎಂದು ಸಿಡ್ ಮೆಯರ್ 2020ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ 2010ರ ಐದನೆಯ ಆಟದಲ್ಲಿ ತಮಾಷೆಗೆಂದೇ ಗಾಂಧಿಯ ಅಣುಬಾಂಬಿನ ಒಲವನ್ನು ಹತ್ತಕ್ಕೆ ಹನ್ನೆರಡು ಎಂದು ಇಟ್ಟರು. ವೈನಿ ಇದನ್ನು ಕೇಳಿ ನಗಲಿಲ್ಲ. ‘ಕಳೆಯೋ ಲೆಕ್ಕ ಸರಿಯಾಗಿ ಬರಲಾರದವ್ರು ಕಟ್ಟಿದ ಕಥಿ’ ಎಂದರು. ಇಲ್ಲಿಂದ 75 ಕಿಲೋಮೀಟರ್ ದೂರದಲ್ಲಿ ಸೇವಾಗ್ರಾಮವಿದೆ. 1936ರಲ್ಲಿ ಗಾಂಧಿ ಬಂದು ನೆಲೆಸಿದ ಊರು. ವೈನಿ ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗಿ ಬಂದವರು.

ಏಪ್ರಿಲಿನಲ್ಲಿ ಸತತ ಒಂಬತ್ತು ದಿನ ಅವರ ಫೈಲಿನಲ್ಲಿ ಏನೂ ಆಗಿರಲಿಲ್ಲ. ಯಾರೂ ಕದಲಿಲ್ಲ, ಏನೂ ಕಟ್ಟಲಿಲ್ಲ, ಬರೀ ಎಂಟರ್ ಒತ್ತಿ ಕಳಿಸಿದ್ದರು. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಕೇಳಿದೆ. ಅಲ್ಲವಂತೆ. ನಾನು ಅಕ್ಕಿಯ ಕರಾರನ್ನು ಮುರಿದಿದ್ದೆ, ಊರಲ್ಲಿ ಜನ ಹೆಚ್ಚಾಗಿದ್ದರು, ಮುರಿದರೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ‘1920ರಾಗ ಇದೇ ನಾಗಪುರದಾಗ ಕಾಂಗ್ರೆಸ್ ಕೂಡಿ ಏನ್ ಠರಾವ್ ಮಾಡ್ತು?’ ಎಂದು ಪಾಠ ಒಪ್ಪಿಸಲು ಹಚ್ಚಿದರು. ಅಸಹಕಾರ, ಎಂದೆ. ‘ಮತ್ತ?’ ಮತ್ತೊಂದು ನನಗೆ ಬಾಯಿಪಾಠ. ಆ ಡಿಸೆಂಬರಿನ ಅಧಿವೇಶನದಲ್ಲೇ ಪ್ರಾಂತಗಳನ್ನು ಭಾಷೆಯ ಮೇಲೆ ಮಾಡಬೇಕೆಂದು ಒಪ್ಪಿ, ಕರ್ನಾಟಕಕ್ಕೆ ಅದರದೇ ಕಾಂಗ್ರೆಸ್ ಸಮಿತಿ ಸಿಕ್ಕಿತು. ಅದಕ್ಕೆಂದೇ ನಮ್ಮ ಕಡೆಯವರು ರೈಲು ಹತ್ತಿ ಇಲ್ಲಿಗೆ ಬಂದಿದ್ದರು. ‘ಹಾಂ. ಅದ ಊರಾಗ ಕುಂತು ನೀವು ನನಗ ಅಕ್ಕಿ ತಪ್ಪಸ್ತೀರಿ’ ಎಂದರು. ಪಾಳಿ ಸಿಕ್ಕಾಗ ಏನೂ ಮಾಡದಿರುವುದೂ ಒಂದು ನಡೆ ಎಂಬುದನ್ನು ಅವರಷ್ಟು ಖಾರವಾಗಿ ಆಡಿ ತೋರಿಸಿದವರನ್ನು ನಾನು ಕಂಡಿಲ್ಲ. ಹತ್ತನೆಯ ದಿನ ಅಕ್ಕಿ ಕಳಿಸಿದೆ, ಆಟದಲ್ಲಿ. ಗೋಡೆಯ ಮೇಲೆಯೂ ಒಂದು ಸೇರು ಇಟ್ಟೆ.

ಈಗ ನವತಪಾ, ಬೇಸಿಗೆಯ ಕಡು ಒಂಬತ್ತು ದಿನ. ಉಷ್ಣಮಾನ ನಲವತ್ತೈದರ ಮೇಲೆ. ಕೂಲರಿಗೆ ನೀರು ಹಾಕಿ ಹಾಕಿ ಮಾಳಿಗೆಯ ಟಾಕಿ ಬತ್ತಿದೆ, ಲ್ಯಾಪ್‌ಟಾಪಿನ ಪಂಖವೂ ಏದುಸಿರು ಬಿಡುತ್ತಿದೆ. ಗೋಡೆ ಮುಟ್ಟಿದರೆ ಹಂಚು. ಡಬ್ಬಿ ಬರುವ ಹೊತ್ತು ಏಳರಿಂದ ಐದೂವರೆಗೆ ಹಿಂದೆ ಸರಿದಿದೆ. ಆಟದಲ್ಲಿ ಕ್ರಿಸ್ತ ಇನ್ನೂ ಹುಟ್ಟಿಲ್ಲ.

ಇವತ್ತಿನ ಡಬ್ಬಿಯಲ್ಲಿ ಕೈರಿ ಪನ್ಹೆಯ ಬಾಟ್ಲಿ ಇತ್ತು. ಫೈಲು ತೆರೆದೆ. ‘ಗದಗ’ದ ಬಾಗಿಲಿಗೆ ಯಾರೋ ಹೊಸಬ ಬಂದು ನಿಂತಿದ್ದ. ಈ ಆಟದಲ್ಲಿ ನಿಮ್ಮ ಸೈನಿಕನನ್ನು ಇನ್ನೊಬ್ಬರಿಗೆ ಉಡುಗೊರೆಯಾಗಿ ಕೊಡಬಹುದು. ಹಾಗೆ ಬಂದವನು ಇವನು. ಕೈಯಲ್ಲಿ ದೊಣ್ಣೆ, ಬಲ 2, ಸಾವಿರಾರು ವರ್ಷ ಹಳೆಯ ಕಾವಲುಗಾರ, ನನ್ನ ಪ್ರಿಟೋರಿಯನ್ನರ ನಡುವೆ ಹಳ್ಳಿಯಿಂದ ಬಂದ ಬೀಗನಂತಿದ್ದ. ಮಾವನೇ ಇರಬೇಕೆಂದು ಹೆಸರು ನೋಡಿದೆ. ಮಾವ ಅಲ್ಲ, ಹೆಸರು ಬದಲಿಸಿ ಕಳಿಸಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ, ದೊಡ್ಡದಾಗಿ, ‘ಸಿಂಹ ಬ್ಯಾಡ’.